ಅಣ್ಣನಿಗೆ ಸಿಕ್ಕ ಮೂರು ನಿಮಿಷ

ಮನೆಯಲ್ಲಿ ಅವಳಿಗೆ ಬಾಯಿಬಡುಕಿ ಎಂದೇ ಹೆಸರು. ಏನು ಮಾಡುತ್ತಾಳೆ ಪಾಪ, ಹುಟ್ಟಿನಿಂದ ಕಿವಿ ಕೇಳದ ಅಣ್ಣನ ಪಾಲಿನ ಮಾತನ್ನೂ ಅವಳೇ ಆಡಬೇಕಿತ್ತು. ಮುಂದೆ ಅದೇ ಹೊಟ್ಟೆಪಾಡಾಯಿತು. ಹತ್ತೊಂಬತ್ತು ವರ್ಷದಿಂದ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಆಸ್ಪತ್ರೆಗೆ ಹೋದ ಕಿವುಡರ ಸನ್ನೆಯನ್ನು ಡಾಕ್ಟರಿಗೆ ಮಾತಾಗಿ, ಡಾಕ್ಟರ ಮಾತನ್ನು ಅವರಿಗೆ ಸನ್ನೆಯಾಗಿ ದಾಟಿಸುತ್ತಿದ್ದಳು. ಆ ವಿಡಿಯೊ ಸೇವೆ ಕಿವುಡರ ಸಂಘದ್ದು. ಚಿಕ್ಕದು, ಆದರೆ ಸ್ವಂತದ್ದು.

ಎಲ್ಲ ಜಾಲತಾಣಕ್ಕೂ ಒಂದೇ ವೇಗ ಕೊಡಬೇಕೆಂಬ ನಿಯಮ ರದ್ದಾದದ್ದೇ ತಡ, ಇಂಟರ್‌ನೆಟ್ ಕಂಪನಿಗೆ ಕೊಂಬು ಬಂತು. ತನಗೆ ಬೇಕಾದ ದೊಡ್ಡವರ ಸಿನಿಮಾ ಸಲೀಸಾಗಿ ಓಡಿತು. ಸಂಘದ ವಿಡಿಯೊ ತೆವಳಿತು. ಹಾಡಹಗಲ ಮೋಸ! ಕಿವಿ ಇದ್ದವರಿಗೆ ಚಿತ್ರ ನಿಂತರೂ ದನಿ ಬರುತ್ತದೆ. ಇವರಿಗೆ ಚಿತ್ರ ನಿಂತರೆ ಮಾತೇ ನಿಂತಿತು. ಅದಕ್ಕೇ ಒಂದು ರೂಢಿ ಮಾಡಿಕೊಂಡಿದ್ದರು: ತಮ್ಮ ಪರದೆ ನಿಂತ ಕೂಡಲೇ ಎರಡೂ ಕೈ ಮಡಿಲಲ್ಲಿಟ್ಟು ಕಾಯುವುದು.

ನಿಯಮ ಮರಳಿ ತರಬೇಕೇ ಎಂದು ಸರಕಾರದ ವಿಚಾರಣೆ ನಡೆಯಿತು. ತರದಿದ್ದರೆ ಸಂಘದ ಸೇವೆ ಮುಚ್ಚಿದಂತೆಯೇ. ಅಣ್ಣನಿಗೆ ಮೂರು ನಿಮಿಷ ಕೊಟ್ಟರು, ಅದೂ ಸಂಘದ ಕೋಣೆಯಿಂದ, ವಿಡಿಯೊದಲ್ಲಿ. ತಂಗಿ ಸಭಾಂಗಣದಲ್ಲಿ ಮೈಕ್ ಹಿಡಿದು ಕೂತಳು.

ಅಣ್ಣ ಒಂದು ಸನ್ನೆ ಮಾಡಿದ, ಅಷ್ಟೆ. ಕೈ ಮಡಿಲಿಗೆ ಇಳಿಯಿತು. ಸಭಾಂಗಣದ ಪರದೆಯಲ್ಲಿ ಚಿತ್ರ ಅಲ್ಲೇ ನಿಂತಿತು.

“ಏನಂತಾರೆ?” ವಿಚಾರಣೆಯ ಅಧ್ಯಕ್ಷರು ಕೇಳಿದರು.

“ಸರ್, ಲೈನ್ ನಿಂತಿದೆ. ಅವರು ಕಾಯ್ತಾ ಇದಾರೆ.”

“ಆರಾಮಾಗಿ ಕೂತಿದಾರಲ್ಲಮ್ಮ! ಈಗಷ್ಟೇ ಕಂಪನಿಯವರು ಮಾತಾಡಿದ ವಿಡಿಯೊ ಚೆನ್ನಾಗೇ ಬಂತು.”

“ಸರ್, ಅದು ನಮ್ಮ ರೂಢಿ. ಕೈ ಮಡಿಲಲ್ಲಿಟ್ರೆ…”

“ನೀವು ಅವರು ಹೇಳಿದ್ದನ್ನ ಮಾತ್ರ ಹೇಳಿ. ನಿಮ್ಮದು ಬೇಡ.”

ಕೈ ಆಡದ ಮಾತನ್ನು ಬಾಯಿ ಆಡಬಾರದೆಂಬುದು ಅವಳ ಕಸುಬಿನ ಕಟ್ಟಳೆ. ಹಾಳಾಗಿ ಹೋಗಲಿ ಕಟ್ಟಳೆ, ಕೂಗಿಬಿಡಬೇಕಿತ್ತು! ಅಣ್ಣನಿಗೆ ಸನ್ನೆ ಮಾಡೋಣವೆಂದರೆ, ಅವನ ಕೈ ಮಡಿಲಲ್ಲಿದೆ, ಅವನಿಗೂ ಏನೂ ಕಾಣುತ್ತಿಲ್ಲ ಎಂದುಕೊಂಡಳು. ಮೂರು ನಿಮಿಷ ಮುಗಿದ ಗಂಟೆ ಹೊಡೆಯಿತು.

“ಹೇಳೋದು ಏನೂ ಇಲ್ಲ ಅಂತ ಬರ್ಕೊಳ್ಳಿ,” ಎಂದರು ಅಧ್ಯಕ್ಷರು. ಗುಮಾಸ್ತ ಬರೆದುಕೊಂಡ.

ಸಂಜೆ ಸಂಘದ ಕೋಣೆಗೆ ಹೋದರೆ ಅಣ್ಣ ಬಾಗಿಲಲ್ಲೇ ನಿಂತಿದ್ದ. ಮುಖದಲ್ಲಿ ಖುಷಿಯೋ ಖುಷಿ. ಅವನ ಪರದೆ ಮರುಕ್ಷಣವೇ ಸರಿಹೋಗಿತ್ತಂತೆ. ತಂಗಿಯ ತುಟಿ ಅಲುಗುವುದು ಕಂಡು, ತನ್ನ ಮಾತನ್ನೇ ದಾಟಿಸುತ್ತಿದ್ದಾಳೆಂದು ನಂಬಿ, ಮೂರು ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ್ದ. ತನ್ನಂತೆಯೇ ಕಿವಿ ಕೇಳದ ಹೆಂಡತಿಯ ಹೆರಿಗೆಯ ದಿನ ಡಾಕ್ಟರ ಮಾತು ಅರ್ಧಕ್ಕೆ ನಿಂತದ್ದು, ಏನಾಯಿತೆಂದು ತಿಳಿಯದೆ ಅವಳು ಮಂಚದಲ್ಲಿ ಅತ್ತದ್ದು, ಒಂದನ್ನೂ ಬಿಟ್ಟಿರಲಿಲ್ಲ.

‘ಕೊನೆಗೆ ಅವರು ಬರ್ಕೊಂಡ್ರಲ್ಲ, ನಾನು ನೋಡ್ದೆ. ಏನು ಬರ್ಕೊಂಡ್ರು?’ ಅವನ ಕೈ ಕೇಳಿತು.

ಅವಳು ಉತ್ತರಕ್ಕೆಂದು ಕೈಯೆತ್ತಿದಳು. ಆಗಲಿಲ್ಲ. ಕುರ್ಚಿಯಲ್ಲಿ ಕುಸಿದು ಎರಡೂ ಕೈ ಮಡಿಲಲ್ಲಿಟ್ಟಳು.

ಅಣ್ಣ ರೂಢಿಯಂತೆ ಎದುರಿಗೆ ಕೂತು ಕಾದ.