ಶ್ರೀಪಾದ ಕಾಕಾನ ಎಡಗಾಲು

೨೦೧೩ ಡಿಸೆಂಬರ್ ೮, ಭಾನುವಾರ, ಬೆಳಿಗ್ಗೆ ೬.೪೦. ಎದುರುಮನೆಯವರು ಹೊಸ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾರೆ; ಓಣಿಯ ತುಂಬ ಸುಟ್ಟ ಕ್ಲಚ್ಚಿನ ವಾಸನೆ. ಈ ವಾಸನೆ ಬಂದರೆ ನನಗೆ ಶ್ರೀಪಾದ ಕಾಕಾ ನೆನಪಾಗುತ್ತಾನೆ.

ನೀವು ಜಮಖಂಡಿಗೆ ಬಂದಿಲ್ಲವಾದರೆ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲವನ್ನೂ ಎಣಿಸಿ ಬರೆದಿಡುವ ಚಟ ನನ್ನದು. ಅದರ ಪ್ರಕಾರ ನಮ್ಮ ಊರಿನಲ್ಲಿರುವ ಸ್ಪೋರ್ಟ್ಸ್ ಕಾರುಗಳು: ಸೊನ್ನೆ. ಸ್ಪೋರ್ಟ್ಸ್ ಕಾರಿಗೆ ಕ್ಲಚ್ ತುಳಿದು ಹಾಕುವ ಕೈಗೇರು ಇರಬೇಕೋ, ಸ್ಟಿಯರಿಂಗಿನ ಹಿಂದೆ ಬೆರಳಿನಿಂದ ಎಳೆಯುವ ಪ್ಯಾಡಲ್ ಇರಬೇಕೋ ಎಂಬ ಬಗ್ಗೆ ಅಭಿಪ್ರಾಯವಿಲ್ಲದ ಗಂಡಸರು: ಅವರೂ ಸೊನ್ನೆ. ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಟಿವಿಯಲ್ಲಿ ನೋಡಿದ ಕಾರುಗಳಿಗೆ ಗೇರು ಹಾಕುತ್ತ ಬಸ್ಸು ತಪ್ಪಿಸಿಕೊಳ್ಳುವ ಜನ.

ಕೈಗೇರಿನ ಪಕ್ಷದ ಮುಖಂಡ ಕಾಕಾ, ನನ್ನ ತಂದೆಯ ತಮ್ಮ; ಬ್ಯಾಂಕಿನಿಂದ ನಿವೃತ್ತ. ಅವನ ಸ್ವಂತ ಗಾಡಿ ಒಂದು ಹಳೆಯ ಪುಟ್ಟ ಕಾರು. ಅದರ ಮೂರನೆಯ ಗೇರು ಬೀಳಬೇಕಾದರೆ ಭುಜ ಕೊಟ್ಟು ನೂಕಬೇಕು. ನಾನು ಸಾಲೆಗೆ ಹೋಗುವಾಗಿನಿಂದಲೂ, ಹಾಗೆ ನೂಕಿದ ಮೇಲೆ ನನ್ನತ್ತ ತಿರುಗಿ, "ನೋಡಿದ್ಯಾ? ಗಾಡಿ ನನ್ನ ಜೋಡಿ ಮಾತಾಡ್ತದ," ಎನ್ನುತ್ತಿದ್ದ. ಗಾಡಿ ಮಾತಾಡುವುದು ನನಗೂ ಕೇಳಿಸುತ್ತಿತ್ತು, ಬೈದ ಹಾಗಿರುತ್ತಿತ್ತು. ಪ್ಯಾಡಲ್ ಕಾರುಗಳೆಂದರೆ ಅವನ ಪ್ರಕಾರ "ಹುಡುಗರ ಆಟಿಗಿ ಸಾಮಾನು". ಎದುರುಪಕ್ಷದವರೂ ಅಷ್ಟೇ ಜಾಣರು. ಪ್ಯಾಡಲ್ಲು ಕಣ್ಣು ಮಿಟುಕಿಸುವುದರೊಳಗೆ ಗೇರು ಬದಲಿಸುತ್ತದಂತೆ. ಬದಲಿಸಲಿ. ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವನು ಉಳಿಸಿದ ಆ ಕ್ಷಣವನ್ನು ಏನು ಮಾಡಬೇಕು?

ಕಳೆದ ವರ್ಷ ಕಾಕಾನ ಎಡಮೊಣಕಾಲಿಗೆ ಆಪರೇಶನ್ ಆಯಿತು. ಇನ್ನು ಕ್ಲಚ್ ತುಳಿಯಬೇಡಿ ಎಂದರು ಡಾಕ್ಟರು. ೨೦೧೪ರ ಮಾರ್ಚಿಗೆ ಲೈಸೆನ್ಸ್ ಮುಗಿಯುತ್ತದೆ, ಮತ್ತೆ ಮಾಡಿಸುವುದೇ ಬೇಡ ಎಂದ ಮಗ. ಕಾಕಾ ಚಹಾದಂಗಡಿಗೆ ಹೋಗುವುದನ್ನು ಬಿಟ್ಟ. ಗಾಡಿಯೇ ಇಲ್ಲದವರು ಅಲ್ಲಿ ವಾದ ಮುಂದುವರಿಸಿದರು.

ದೀಪಾವಳಿಗೆ ಪುಣೆಯಿಂದ ಕಾಕಾನ ತಂಗಿಯ ಮಗಳು ಮೃಣಾಲಕ್ಕ ಬಂದಳು, ಯಾರೋ ಬಳಸಿ ಮಾರಿದ್ದ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಪ್ಯಾಡಲ್ಲಿನದು, ಕ್ಲಚ್ಚೇ ಇಲ್ಲ.

"ಮಾಮಾ, ಕೀಲಿ ತಗೋ."

"ಇದಕ್ಕ ಡ್ರೈವಿಂಗ್ ಅನ್ನೂದಿಲ್ಲ," ಎನ್ನುತ್ತಲೇ ಕಾಕಾ ಕೂತುಬಿಟ್ಟ.

ಹಿಂದಿನ ಸೀಟೆಂಬ ಕಪಾಟಿನಲ್ಲಿ ನನ್ನನ್ನು ಮಡಚಿಟ್ಟುಕೊಂಡು ಚಿಕ್ಕಪಡಸಲಗಿ ಬ್ಯಾರೇಜಿನ ಕಡೆ ಹೊರಟರು. ಊರು ದಾಟುತ್ತಲೇ ಗೇರು ಬದಲಿಸುವ ಗಳಿಗೆ ಬಂತು. ಬೆರಳು ಪ್ಯಾಡಲ್ ಎಳೆಯಿತು. ಎಡಗಾಲು ಮಾತ್ರ ಹಳೆಯ ನೌಕರಿಗೆ ಹಾಜರಾಗಿ, ಇಲ್ಲದ ಕ್ಲಚ್ಚನ್ನು ಹುಡುಕಿ, ಪಕ್ಕದ ಅಗಲವಾದ ಬ್ರೇಕನ್ನೇ ಜೋರಾಗಿ ತುಳಿಯಿತು. ಕಾರು ಗಕ್ಕನೆ ನಿಂತಿತು. ನನ್ನ ಮೂಗು ಮುಂದಿನ ಸೀಟಿಗೆ ಬಡಿಯಿತು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಹೇಗೋ ಪಕ್ಕಕ್ಕೆ ಸರಿದು ನಿಂತಿತು.

"ಏನ್ರೀ ಯಜಮಾನ್ರ, ನಡು ರೋಡಿನ್ಯಾಗ ಗೂಟಾ ಬಡದ್ರೇನ್ರಿ?" ಎಂದು ಕೂಗಿದ ಅದರ ಡ್ರೈವರ್.

"ಹೊಸಾ ಗಾಡಿ ಅದರೀ," ಎಂದ ಕಾಕಾ.

"ಗಾಡಿ ಹೊಸಾದು, ರೋಡ್ ಹಳೇದ ಐತಲ್ರೀ!"

ಎರಡನೆಯ ಸಲವೂ ಹಾಗೇ ಆಯಿತು.

"ಎಡಗಾಲಿಗೆ ಇಲ್ಲೆ ಕೆಲಸಾ ಇಲ್ಲ ಮಾಮಾ. ಮನ್ಯಾಗ ಬಿಟ್ಟು ಬಂದೀನಿ ಅಂತ ತಿಳಕೋ," ಎಂದಳು ಮೃಣಾಲಕ್ಕ.

"ನಾ ತಿಳಕೋತೀನಿ. ಕಾಲಿಗೆ ಯಾರು ಹೇಳೋರು?" ಕಾಕಾ ಹೆಗಲ ಮೇಲಿನ ಶಲ್ಯ ತೆಗೆದು ಅವಳ ಕೈಗಿಟ್ಟ. "ಕಟ್ಟು."

ಅವಳು ಬಗ್ಗಿ ಅವನ ಎಡಗಾಲನ್ನು ಸೀಟಿನ ಕೆಳಗಿನ ಪಟ್ಟಿಗೆ ಕಟ್ಟಿದಳು. ಕಾಕಾ ಹೊರಟ. ಎರಡು, ಮೂರು, ನಾಲ್ಕು. ಗೇರು ಹಾಕಿಯೂ ಅದನ್ನು ನನಗೆ ವಿವರಿಸದಿದ್ದದ್ದು ಅವನ ಜೀವನದಲ್ಲಿ ಇದೇ ಮೊದಲು. ಬ್ಯಾರೇಜಿನ ಬಳಿ ನಿಲ್ಲಿಸಿ ಕೃಷ್ಣೆಯ ನೀರು ನೋಡುತ್ತ, "ಇದು ಡ್ರೈವಿಂಗ್ ಅಲ್ಲ ಬಿಡು," ಎಂದ. ಮೃಣಾಲಕ್ಕ ಗಂಟು ಬಿಚ್ಚಲು ಬಗ್ಗಿದಳು.

"ಬಿಚ್ಚಬ್ಯಾಡ. ಹಿಪ್ಪರಗಿ ತನಕಾ ಹೋಗಿ ಬರೂಣೇನು?"

ಅವಳೂ ಕಾರೂ ಪುಣೆಗೆ ಹೋಗಿಯಾಯಿತು. ಈಗ ದಿನವೂ ಬೆಳಿಗ್ಗೆ ಕಾಕಾ ಪಡಸಾಲೆಯ ಕುರ್ಚಿಯಲ್ಲಿ ಕೂತು, ಬಲಗಾಲಿನಿಂದಷ್ಟೇ ನೆಲ ಒತ್ತುತ್ತ, ಎಡಗಾಲನ್ನು ಸುಮ್ಮನಿಡುವ ಅಭ್ಯಾಸ ಮಾಡುತ್ತಾನೆ. ಅವನ ಹೆಂಡತಿ ಕಾಕು ಚಹಾ ತಂದಿಟ್ಟು, "ಮತ್ತ ಕಾಲು ಹಾರ್ತು ನೋಡ್ರಿ," ಎನ್ನುತ್ತಾಳೆ. ನಾನು ಎದುರಿಗೆ ಕೂತು ಎಣಿಸುತ್ತೇನೆ. ನಿನ್ನೆ ಎರಡು ಸಲ ಮಾತ್ರ.

ಎಡಗಾಲು ಕ್ಲಚ್ಚನ್ನು ಪೂರ್ತಿ ಮರೆಯಲು ಎಷ್ಟು ದಿನ ಹಿಡಿಯುತ್ತದೆ? ಈ ವಯಸ್ಸಿನಲ್ಲಿ ಮರೆತವರನ್ನು ಬಲ್ಲವರು, ಪಿಂಚಣಿಗೆ ಎಟಕುವಂಥ ಪ್ಯಾಡಲ್ಲಿನ ಹಳೆಯ ಕಾರೊಂದು ಮಾರಾಟಕ್ಕಿರುವುದನ್ನು ಕಂಡವರು ದಯವಿಟ್ಟು ಬರೆದು ತಿಳಿಸಿ. ಯಾವ ಗೇರು ಮೇಲು ಎಂದು ಬರೆಯುವವರು ಅಂಚೆ ಕಾರ್ಡು ಉಳಿಸಿಕೊಳ್ಳಿ. ಲೈಸೆನ್ಸ್ ಮುಗಿಯುವ ಮಾರ್ಚಿಗೆ ಇನ್ನು ಮೂರೇ ತಿಂಗಳು.