ಗಿರಾಕಿಯಿಲ್ಲದ ಹಕ್ಕಿ ಲಾಡ್ಜು

ನಮ್ಮ ಗೋಡೆಯಾಚೆಯ ಮನೆಯವನನ್ನು ಬೀದಿಯೆಲ್ಲ ಕರೆಯುವುದು 'ಇನ್ನೊಂದು ಕೋಟು' ಎಂದೇ. ನಲವತ್ತೆರಡು ವರ್ಷ ಅಂಗಡಿಗಳ ಬೋರ್ಡು ಬರೆದವನು. ಹಳದಿಯ ಮೇಲೆ ಕೆಂಪಕ್ಷರ ಬರೆದನೆಂದರೆ ಚಂದ್ರನ ಮೇಲೆ ಕೂತವನಿಗೂ ಚಪ್ಪಲಿ ಅಂಗಡಿ ಎಲ್ಲಿದೆ ಎಂದು ಗೊತ್ತಾಗುತ್ತಿತ್ತು. ಕೆಲಸ ಮುಗಿದು ಅಂಗಡಿಯವನು ಕೈಮುಗಿದರೂ ಏಣಿ ಇಳಿಯುತ್ತಿರಲಿಲ್ಲ. "ಇನ್ನೊಂದು ಕೋಟು ಹೊಡೆದುಬಿಡ್ತೀನಿ, ಇರಿ" ಎನ್ನುತ್ತಿದ್ದ. ಬಣ್ಣ ಮಾಸಿದ ಬೋರ್ಡು ಕಂಡರೆ ಅವನಿಗೆ ಬೇರೆಯವರ ಹರಿದ ಅಂಗಿ ಕಂಡಷ್ಟು ಸಂಕಟ. ಒಮ್ಮೆ ಮದುವೆಗೆಂದು ಹೊರಟವನು ದಾರಿಯಲ್ಲಿ ಮಸುಕಾದ ಬೋರ್ಡೊಂದನ್ನು ಕಂಡು ಅಲ್ಲೇ ನಿಂತ. ಅವನು ಮಂಟಪ ತಲುಪುವ ಹೊತ್ತಿಗೆ ಆ ದಂಪತಿಗೆ ಎರಡು ಮಕ್ಕಳಾಗಿದ್ದವು ಎಂದು ನಾನು ಹೇಳಿದರೆ ನೀವು ನಂಬಬೇಕಿಲ್ಲ.

ಅವನಿಗೆ ಇರುವವಳು ಅಕ್ಕ ಒಬ್ಬಳೇ. ತಾಯಿ ಬೇಗ ಹೋದಳೆಂದು ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ಸೊಂಟವೇ ಬಚ್ಚಲಲ್ಲಿ ಜಾರಿ ಮುರಿಯಿತು. ಹಿಂದಿನ ಕೋಣೆಯ ಕಿಟಕಿಗೆ ಮಂಚ ಎಳೆದು ಮಲಗಿಸಿದ. ಮೂಳೆ ಹೇಗೋ ಕೂಡಿಕೊಂಡಿತು, ಅಕ್ಕ ಮಾತ್ರ ಮಲಗಿದವಳು ಮಲಗಿಯೇ ಉಳಿದಳು. ಊಟ ಎರಡು ತುತ್ತಿಗೆ ಇಳಿಯಿತು, ಆಮೇಲೆ ಒಂದಕ್ಕೆ. ಕೈ ನೋಡಿದರೆ ಬಳೆಯೊಳಗೆ ಇನ್ನೊಂದು ಕೈ ಹಿಡಿಸುವಷ್ಟು ಜಾಗ. ಹೀಗೇ ಆದರೆ ಬಹಳ ದಿನ ಇಲ್ಲ ಎಂದು ಡಾಕ್ಟರು ಇವನನ್ನು ಬಾಗಿಲಾಚೆ ಕರೆದು ಹೇಳಿದರು.

"ಏನು ನೋಡ್ಕೊಂಡು ಉಣ್ಲಿ ನಾನು?" ಎಂದಳು ಅಕ್ಕ. "ಹಿತ್ತಲಲ್ಲಿ ಒಂದು ಜೀವ ಅಲ್ಲಾಡಲ್ಲ. ಆ ಗೋಡೆ, ಈ ನಿನ್ನ ಮುಖ. ಎರಡಕ್ಕೂ ಸುಣ್ಣ ಬಳಿದು ಎಷ್ಟು ವರ್ಷ ಆಯ್ತೋ."

ಮಾರನೆಯ ದಿನವೇ ಇವನು ಬಡಗಿಯಿಂದ ಏಳು ಹಕ್ಕಿಗೂಡು ಮಾಡಿಸಿಕೊಂಡು ಬಂದ. ಒಂದೊಂದನ್ನೂ ಒಂದೊಂದು ಕಟ್ಟಡದಂತೆ ಸಿಂಗರಿಸಿ, ಹಿತ್ತಲ ಗೋಡೆಯ ಎತ್ತರಕ್ಕೆ ಕೊಕ್ಕೆ ಹೊಡೆದು ತೂಗುಹಾಕಿದ. ಒಂದಕ್ಕೆ ಉಪ್ಪರಿಗೆ, ಒಂದಕ್ಕೆ ನೀಲಿ ಪರದೆ ಬರೆದ ಕಿಟಕಿ. ದೊಡ್ಡದರ ಮೇಲೆ 'ಲಾಡ್ಜ್: ಗಾಳಿ ಬೆಳಕು ಉಂಟು' ಎಂಬ ಬೋರ್ಡು. ಕಾಳು ಹಾಕುವ ತಟ್ಟೆಗೆ ಕಂಬ ನೆಟ್ಟು 'ಊಟ ತಯಾರಿದೆ' ಎಂದು ಬರೆದ. ಎಲ್ಲ ಹಳದಿ, ಕೆಂಪು, ಕನ್ನಡಿಯ ಹೊಳಪಿನ ಎನಾಮಲ್ಲು. ಬಿಸಿಲು ಬಿದ್ದರೆ ನಮ್ಮ ಅಡುಗೆಮನೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ತರಕಾರಿ ಹೆಚ್ಚಬೇಕಾಯಿತು.

ಹಕ್ಕಿ ಬರಲಿಲ್ಲ. ಇರುವೆ ಬಂತು, ಅಳಿಲು ಬಂತು. ಆ ಅಳಿಲು ಉಂಡೂ ಉಂಡೂ ಎಷ್ಟು ದಪ್ಪವಾಯಿತೆಂದರೆ, ಬೆಕ್ಕು ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿತ್ತು.

ಬಡಗಿ ಬಂದು ಮೂಗು ಮುಚ್ಚಿಕೊಂಡ. "ಅಣ್ಣ, ಈ ಬಣ್ಣದ ವಾಸನೆ ಹೋಗೋಕೆ ಬಿಡಿ. ಹಕ್ಕಿಗೆ ಯಾರ ಕಣ್ಣಿಗೂ ಬೀಳದ ಜಾಗ ಬೇಕು. ಇದು ಜಾತ್ರೆ ಥರ ಇದೆ."

"ಮಾಸಿದ ಬೋರ್ಡಿನ ಅಂಗಡಿಗೆ ಯಾರಯ್ಯ ಬರ್ತಾರೆ?" ಎಂದ ಇವನು. ಗಿರಾಕಿ ಬರದಿದ್ದರೆ ಬಣ್ಣ ಸಾಲದು ಎಂದರ್ಥ, ಅವನ ಕಸುಬು ಕಲಿಸಿದ್ದು ಅಷ್ಟೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಏಳು ಗೂಡಿಗೂ ಇನ್ನೊಂದು ಕೋಟು. ವಾಸನೆ ಆರುವುದರೊಳಗೆ ಹೊಸ ವಾಸನೆ.

ಅಕ್ಕ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. ತಟ್ಟೆ ಹಿಡಿದು ಹೋದರೆ, "ಮೊದಲು ನಿನ್ನ ಹೋಟೆಲಿಗೆ ಗಿರಾಕಿ ಬರಲಿ, ಆಮೇಲೆ ನಾನು ಉಣ್ತೀನಿ" ಎಂದು ಮುಖ ತಿರುಗಿಸುತ್ತಿದ್ದಳು. ಅವಳಿಗೆ ಅದು ತಮಾಷೆ. ಇವನಿಗೆ ತೀರ್ಪು.

ಮೈತೊಳೆಸುವುದು, ಮಗ್ಗುಲು ಬದಲಿಸುವುದು, ಬೇಯಿಸುವುದು, ಬೇಯಿಸಿದ್ದನ್ನು ಚೆಲ್ಲುವುದು, ಆಮೇಲೆ ಏಣಿ. ಒಂದು ದಿನ ಅವನ ಬಲಭುಜ ಮೇಲೇಳಲಿಲ್ಲ. ಬಣ್ಣದ ಡಬ್ಬಿ ಮುಚ್ಚಿಟ್ಟ. ಮೂರು ತಿಂಗಳು ಹಿತ್ತಲಲ್ಲಿ ತಲೆಯೆತ್ತಿ ನೋಡಲಿಲ್ಲ. ತಟ್ಟೆಗೆ ಕಾಳನ್ನು ಮಾತ್ರ ಎಡಗೈಯಲ್ಲಿ, ನೆಲ ನೋಡುತ್ತಲೇ ಸುರಿದು ಬರುತ್ತಿದ್ದ. ಮಳೆ ಬಿಸಿಲಿಗೆ ಹಳದಿ ಬೂದುಬಣ್ಣವಾಯಿತು, ಕೆಂಪು ಸುಲಿಯಿತು, ಉಪ್ಪರಿಗೆಗೆ ಪಾಚಿ ಹಿಡಿಯಿತು.

ಆಗ ಅಕ್ಕ ಉಣ್ಣತೊಡಗಿದಳು. ಮೊದಲು ನಾಲ್ಕು ತುತ್ತು, ವಾರ ಕಳೆಯುವುದರೊಳಗೆ ತಟ್ಟೆ ತುಂಬ.

"ನನ್ನ ಕೈರುಚಿ ಹತ್ತಿತು ನೋಡಿ" ಎಂದ ಇವನು ನನ್ನ ಬಳಿ, ನಗುವ ಶಕ್ತಿಯೂ ಇಲ್ಲದ ಮುಖದಲ್ಲಿ.

ನಾನು ಅವಳನ್ನು ನೋಡಲು ಹೋದಾಗ ಅಕ್ಕ ತುಟಿಯ ಮೇಲೆ ಬೆರಳಿಟ್ಟು ಕಿಟಕಿ ತೋರಿಸಿದಳು. ಸುಲಿದ ಲಾಡ್ಜಿನ ತೂತಿನೊಳಕ್ಕೆ ಗುಬ್ಬಿಯೊಂದು ಹುಲ್ಲಿನೆಳೆ ಎಳೆದುಕೊಂಡು ಹೋಯಿತು.

"ಅವನಿಗೆ ಹೇಳ್ಬೇಡಿ" ಎಂದು ಪಿಸುಗುಟ್ಟಿದಳು. "ಗೊತ್ತಾದ್ರೆ ಖುಷಿಗೆ ಇನ್ನೊಂದು ಕೋಟು ಹೊಡೀತಾನೆ."

ಮಾತು ಕೊಟ್ಟುಬಿಟ್ಟೆ. ನಾಲ್ಕು ದಿನಕ್ಕೆ ಅದು ಕೊರಳಿಗೆ ಬಂತು.

"ಏಣಿ ಹಿಡ್ಕೊಳ್ಳಿ ಬನ್ನಿ" ಎಂದು ಇವನು ಗೋಡೆಯಾಚೆಯಿಂದ ಕರೆದ. "ಆ ಗೂಡುಗಳನ್ನ ಇಳಿಸಿ ಒಲೆಗೆ ಹಾಕ್ತೀನಿ. ಅಕ್ಕ ಉಣ್ತಿದ್ದಾಳೆ, ಇನ್ಯಾಕೆ ಅವು? ಆ ಸುಲಿದ ಬಣ್ಣ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ, ಹೊಡೆಯೋಣ ಅಂದ್ರೆ ಭುಜ ಇಲ್ಲ. ಸಾಕಾಗಿಹೋಯ್ತು."

ಹೋದೆ. ಚಪ್ಪಲಿ ಹುಡುಕಲು ನಾನು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಬಾವಿ ತೋಡಬಹುದಿತ್ತು. ಏಣಿ ಅಲ್ಲಾಡುತ್ತದೆ ಎಂದೆ, ಮಳೆ ಬರುವಂತಿದೆ ಎಂದೆ. ಆಕಾಶ ಒಗೆದು ಹರವಿದ ಹಾಗಿತ್ತು. ಅವನು ಕೇಳಲಿಲ್ಲ, ಎಡಗೈಯಲ್ಲಿ ಹಿಡಿದು ಹತ್ತಿದ. ಕೈ ಲಾಡ್ಜಿನ ಕೊಕ್ಕೆಗೆ ಹೋಯಿತು.

"ಮುಟ್ಟಿದ್ರೆ ನೋಡು!"

ಕಿಟಕಿಯಲ್ಲಿ ಅಕ್ಕ. ಸರಳು ಹಿಡಿದು, ಎದ್ದು ಕೂತಿದ್ದಳು. ಎಂಟು ತಿಂಗಳಲ್ಲಿ ಅವಳ ಬೆನ್ನು ನೆಟ್ಟಗಾಗಿದ್ದು ಅಂದೇ.

ಗೂಡೊಳಗಿಂದ ಚಿಂವ್ ಚಿಂವ್ ಎಂದಿತು. ಇವನು ಕೈ ಹಿಂದಕ್ಕೆಳೆದ.

"ಎಷ್ಟು ದಿನದಿಂದ ಅಕ್ಕಾ?"

"ತಿಂಗಳಾಯ್ತು."

"ನನಗೆ ಹೇಳ್ಬಾರದಿತ್ತಾ?"

"ಹೇಳಿದ್ರೆ ಬ್ರಷ್ ತರ್ತಿದ್ದೆ. ನಿನ್ನ ಕೈರುಚಿ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ಯಲ್ಲ, ಆ ಉಪ್ಪಿಲ್ಲದ ಅನ್ನ ನಾನು ಯಾರ ಮುಖ ನೋಡ್ಕೊಂಡು ಉಂಡೆ ಅಂದ್ಕೊಂಡೆ?"

ಅವನು ಗೂಡಿನ ಮೈಯನ್ನೇ ನೋಡುತ್ತಿದ್ದ. ಎದ್ದ ಬಣ್ಣದ ಸಿಪ್ಪೆಯತ್ತ ಹೆಬ್ಬೆರಳು ತಾನಾಗಿ ಹೋಯಿತು. "ಬೋರ್ಡಲ್ಲಿ 'ಗಾಳಿ' ಅಳಿಸಿಹೋಗಿದೆ ಅಕ್ಕಾ. ಅದೊಂದನ್ನಾದ್ರೂ..."

"ಕಣ್ಣು ಮುಚ್ಕೊಂಡು ಇಳಿ."

ಇಳಿದ, ನಿಜಕ್ಕೂ ಕಣ್ಣು ಮುಚ್ಚಿಕೊಂಡೇ. ಒಂದೊಂದು ಮೆಟ್ಟಿಲಿಗೂ ಅವನ ಕಾಲನ್ನು ನಾನು ಹಿಡಿದು ಇಡಬೇಕಾಯಿತು. ಕೊನೆಯ ಮೆಟ್ಟಿಲಿನ ಮೇಲೆ ಕುಸಿದು ಕೂತ.

"ಊಟ ತಾರೋ" ಎಂದಳು ಅಕ್ಕ ಒಳಗಿನಿಂದ.

"ಸ್ವಲ್ಪ ತಡಿ ಅಕ್ಕಾ. ಎದ್ದೇಳೋಕೆ ಆಗ್ತಿಲ್ಲ."

"ಆಯ್ತು, ಕೂತ್ಕೋ. ನನಗೇನೂ ಅವಸರ ಇಲ್ಲ. ಹಸಿವು ಇದೆ, ಅಷ್ಟೆ."