ದಾರ ಹೊಂದಿಸುವ ಬಿಸಿಲು

ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿದ ಮೇಲೆ ಟೈಲರಿಗೆ ಸಿಕ್ಕಿದ್ದು ನೆಲಮಾಳಿಗೆಯ ಅಂಗಡಿ. ಬೀದಿ ಬದಿಯಲ್ಲಿ ಹೊಲಿಯುತ್ತಿದ್ದ ಮನುಷ್ಯ ಟ್ಯೂಬ್‌ಲೈಟಿನ ಕೆಳಗೆ ಬಂದು ಕುಳಿತ. ಮಧ್ಯಾಹ್ನ ಮಿಷನ್ನಿನ ಮೇಲೇ ತೂಕಡಿಕೆ, ರಾತ್ರಿ ಹಾಸಿಗೆಯಲ್ಲಿ ಹೊರಳಾಟ. ಕೋಪವಂತೂ ಸದಾ ಮೂಗಿನ ತುದಿಯಲ್ಲಿ. ಹೆಂಡತಿ ಏನು ಕೇಳಿದರೂ ಸಿಡುಕುತ್ತಿದ್ದ.

ಒಂದು ದಿನ ಗಿರಾಕಿಯೊಬ್ಬಳು ಕೋಟು ವಾಪಸು ತಂದಳು. ಕಡುನೀಲಿ ಬಟ್ಟೆಗೆ ಕಪ್ಪು ದಾರ ಬಿದ್ದಿತ್ತು. ಟ್ಯೂಬ್‌ಲೈಟಿನಲ್ಲಿ ಅವನಿಗೆ ಎರಡೂ ಒಂದೇ ಥರ ಕಂಡಿದ್ದವು. ಅಂದಿನಿಂದ ಅವನು ಬಟ್ಟೆಯನ್ನೂ ದಾರದ ರೀಲುಗಳನ್ನೂ ಹಿಡಿದು, ಮೊಣಕಾಲನ್ನು ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿ, ಬಿಸಿಲಿನಲ್ಲಿ ಹೊಂದಿಸಿ ನೋಡತೊಡಗಿದ. ಆಮೇಲೆ ರಾತ್ರಿ ತಲೆ ದಿಂಬಿಗೆ ತಗಲಿದ್ದೇ ತಡ, ನಿದ್ದೆ. ಊಟಕ್ಕೆ ಕುಳಿತರೆ ತಮಾಷೆಯೂ ಮಾಡುತ್ತಿದ್ದ.

ಅಳಿಯ ಕನಿಕರಪಟ್ಟು, ಬಣ್ಣಗಳನ್ನು ಸರಿಯಾಗಿ ತೋರಿಸುವ ದೀಪವೊಂದನ್ನು ತಂದು ಹಾಕಿದ.

"ಇನ್ನು ನೀವು ಮೆಟ್ಟಿಲು ಹತ್ತೋದೇ ಬೇಡ, ಮಾವ."

ದೀಪ ಒಳ್ಳೆಯದೇ. ಒಂದು ದಾರವೂ ತಪ್ಪಲಿಲ್ಲ. ಆದರೆ ಹೊರಳಾಟ ಮರಳಿ ಬಂತು, ಅದರ ಬೆನ್ನಿಗೇ ಸಿಡುಕೂ ಬಂತು.

ಒಂದು ಬೆಳಿಗ್ಗೆ ಹೆಂಡತಿ ಹರಿದ ದಿಂಬಿನ ಕವರ್ ಹಿಡಿದು ಅಂಗಡಿಗೆ ಬಂದಳು.

"ಇದಕ್ಕೆ ದಾರ ಹೊಂದಿಸಿ ಕೊಡಿ."

"ಬಿಳಿ ಬಟ್ಟೆಗೆ ಬಿಳಿ ದಾರ. ಅದರಲ್ಲಿ ಹೊಂದಿಸೋದೇನಿದೆ?"

"ನನಗೆ ಈ ದೀಪದ ಮೇಲೆ ನಂಬಿಕೆ ಇಲ್ಲ. ಬಿಸಿಲಿಗೆ ಬನ್ನಿ."

ಅವನು ಗೊಣಗುತ್ತ ಹಿಂದೆಯೇ ಹತ್ತಿದ. ಅವಳು ಆಗಲೇ ಕೊನೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಮುಖ ಮಾಡಿ ಕುಳಿತು, ಪಕ್ಕದಲ್ಲಿ ಜಾಗ ಬಿಟ್ಟಿದ್ದಳು. ಅವನೂ ಕುಳಿತ. ದಾರ ತರುವುದನ್ನೇ ಮರೆತಿದ್ದ. ಅವಳೂ ಕೇಳಲಿಲ್ಲ.